ಕೇಳಿಕೆ, ಮಾರುತ್ತರ, ವಾಯಿದೆ: ವಿಟ್ಲ ಪರಿಸರದ ಸಂದೇಶ ವ್ಯವಹಾರದ ಚಾರಿತ್ರಿಕ ನೆಲೆಗಳು

ಪ್ರವೇಶ

ದೂರದಲ್ಲಿರುವವರಿಗೆ ಒಂದು ಕೇಳಿಕೆಯನ್ನು ಕಳುಹಿಸಿದವನು ಮಾರುತ್ತರಕ್ಕಾಗಿ ಎಷ್ಟು ಕಾಲ ಕಾಯಬೇಕು? ಆ ಅವಧಿ ಮುಗಿದರೂ ಉತ್ತರ ಬಾರದಿದ್ದರೆ ಅದನ್ನು ಏನೆಂದು ತಿಳಿಯಬೇಕು? ಗಣಕಯಂತ್ರಗಳ ನಡುವೆ ಸಂದೇಶ ಸಾಗಿಸುವ ಪ್ರೋಗ್ರಾಂಗಳನ್ನು ಬರೆಯುವವರು ಇಂದು ಈ ಪ್ರಶ್ನೆಯನ್ನು ‘ಟೈಮ್‌ಔಟ್’ ಎಂಬ ಹೆಸರಿನಲ್ಲಿ ಚರ್ಚಿಸುತ್ತಾರೆ. ಆದರೆ ಪ್ರಶ್ನೆಯು ಯಂತ್ರದೊಂದಿಗೆ ಹುಟ್ಟಿದ್ದಲ್ಲ. ಓಲೆ, ಹರಕೆ, ಹುಯಿಲು, ಅಂಚೆ, ಮನಿಯಾರ್ಡರು, ಕಚೇರಿಯ ಅರ್ಜಿ ಇವೆಲ್ಲವೂ ಕೇಳಿಕೆ ಮತ್ತು ಮಾರುತ್ತರದ ವ್ಯವಸ್ಥೆಗಳೇ ಆಗಿವೆ. ಪ್ರತಿಯೊಂದೂ ತನ್ನ ಕಾಲದ ಸಾಧನಗಳಿಂದ ಮೌನವನ್ನು ನಿಭಾಯಿಸುವ ಕ್ರಮವನ್ನು ಕಂಡುಕೊಂಡಿದೆ.

ಬಂಟ್ವಾಳ ತಾಲೂಕಿನ ವಿಟ್ಲ ಮತ್ತು ಅದರ ಸುತ್ತಲಿನ ಬೆಳ್ತಂಗಡಿ, ಕಾಸರಗೋಡು ಪ್ರದೇಶಗಳನ್ನು ಕೇಂದ್ರವಾಗಿರಿಸಿಕೊಂಡು ಈ ಕ್ರಮಗಳ ಚರಿತ್ರೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ತುಳು, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ, ಮರಾಠಿಗಳನ್ನಾಡುವ ಜನ ಒಟ್ಟಾಗಿ ಬಾಳಿದ ಈ ನೆಲದಲ್ಲಿ ಅವಧಿಯನ್ನು ಸೂಚಿಸಲು ಬಳಕೆಯಲ್ಲಿರುವ ಪದ ‘ವಾಯಿದೆ’. ಅರಬ್ಬಿ ಮೂಲದಿಂದ ಬಂದ ಈ ಪದಕ್ಕೆ ಮೊದಲಲ್ಲಿ ಇದ್ದುದು ‘ಕೊಟ್ಟ ಮಾತು’ ಎಂಬ ಅರ್ಥ. ವಾಯಿದೆಯೆಂದರೆ ಕೇವಲ ಕಾಲದ ಅಳತೆಯಲ್ಲ, ಇಬ್ಬರ ನಡುವಿನ ಒಪ್ಪಂದ ಎಂಬ ತಿಳಿವಳಿಕೆ ಪದದೊಳಗೇ ಇದೆ. ಈ ತಿಳಿವಳಿಕೆಯೇ ಮುಂದಿನ ಚರ್ಚೆಗೆ ಆಧಾರ.

ಓಲೆ ಮತ್ತು ಹೇಳಿಕೆ

ತುಳು ಪಾಡ್ದನಗಳಲ್ಲಿ ಓಲೆ ಬರೆಯಿಸುವ ಸಂದರ್ಭವು ಸಿದ್ಧರೂಪದ ವರ್ಣನೆಯಾಗಿ ಮತ್ತೆ ಮತ್ತೆ ಬರುತ್ತದೆ. ತಾಳೆಯ ಓಲೆ ತರಿಸುವುದು, ಬಿಸಿಲಿಗೆ ಒಣಗಿಸುವುದು, ಎಣ್ಣೆ ಅರಸಿನ ಹಚ್ಚುವುದು, ಬರೆಯುವವನನ್ನು ಕರೆಸುವುದು, ಓಲೆಕಾರನ ಕೈಯಲ್ಲಿ ಕಳುಹಿಸುವುದು, ಹೀಗೆ ಪ್ರತಿ ಹಂತವನ್ನೂ ಹಾಡುಗಾರರು ಬಿಡದೆ ಹೇಳುತ್ತಾರೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು ಲೌರಿ ಹಾಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಂದಿಗೆ 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಸಾವಿರಾರು ಸಾಲುಗಳ ಅಂತಹ ದೀರ್ಘ ಕಥನಗಳ ಅಧ್ಯಯನವು ಈ ಬಗೆಯ ಪುನರಾವರ್ತಿತ ವರ್ಣನೆಗಳ ಮಹತ್ತ್ವವನ್ನು ವಿದ್ವಾಂಸರ ಗಮನಕ್ಕೆ ತಂದಿದೆ.

ಓಲೆಯ ವ್ಯವಸ್ಥೆಯಲ್ಲಿ ಓಲೆಕಾರನೇ ಸಂದೇಶದ ಜೀವ. ಅವನು ಹೋಗಿ ಬರುವ ದಾರಿಯ ದಿನಗಳೇ ಕಾಯುವ ಅವಧಿ. ಅವನು ಮರಳಿದರೆ ಉತ್ತರ ಬಂತು. ಉತ್ತರವಿಲ್ಲದಿದ್ದರೂ ‘ತಲಪಿಸಿದೆ, ಏನೂ ಹೇಳಲಿಲ್ಲ’ ಎಂಬ ವರದಿಯಾದರೂ ಬಂತು. ಸಂದೇಶವನ್ನು ಒಯ್ಯುವವನು ಮತ್ತು ಅದರ ಗತಿಯನ್ನು ತಿಳಿಸುವವನು ಒಬ್ಬನೇ ಆಗಿದ್ದುದರಿಂದ ಮೌನದ ಸಮಸ್ಯೆ ಇಲ್ಲಿ ಸೀಮಿತವಾಗಿತ್ತು.

ಇದೇ ಪರಿಸರದ ಹವ್ಯಕ ಮನೆಗಳಲ್ಲಿ ಶುಭಕಾರ್ಯಕ್ಕೆ ಕರೆಯುವುದನ್ನು ‘ಹೇಳಿಕೆ’ ಎನ್ನುತ್ತಾರೆ. ನೇಮ ಕಟ್ಟುವ ಕಲಾವಿದರಿಗೆ ವೀಳ್ಯ ಕೊಟ್ಟು ದಿನ ತಿಳಿಸುವ ಕ್ರಮವೂ ಉಂಟು. ವೀಳ್ಯ ಸ್ವೀಕರಿಸಿದರೆ ಮಾತು ಮುಟ್ಟಿತೆಂದು ಅರ್ಥ, ಕೆಲಸ ನಡೆಯಿತೆಂದಲ್ಲ. ಕೆಲಸದ ಉತ್ತರ ದೊರೆಯುವುದು ನೇಮದ ರಾತ್ರಿಯಲ್ಲಿ ಮಾತ್ರ. ಸ್ವೀಕೃತಿ ಮತ್ತು ಫಲಿತಾಂಶಗಳನ್ನು ಹೀಗೆ ಬೇರೆ ಬೇರೆಯಾಗಿ ಇರಿಸಿದ್ದು ಜನಪದದ ಒಂದು ಸೂಕ್ಷ್ಮ ವಿವೇಕ. ಮುಂದೆ ಅಂಚೆಯೂ ಗಣಕಯಂತ್ರವೂ ಇದೇ ಭೇದವನ್ನು ಪಾಲಿಸಿದುದನ್ನು ಕಾಣಬಹುದು.

ಹರಕೆ, ಮುಡಿಪು, ಕಾಲಾವಧಿ

ಹರಕೆಯೆಂಬುದು ಕೇಳಿಕೆಯ ಮತ್ತೊಂದು ರೂಪ. ಇಲ್ಲಿ ದೈವ ದೇವರಿಗೆ ವಾಯಿದೆ ಹಾಕುವವರಿಲ್ಲ. ಕೋರಿಕೆ ಈಡೇರಿದ ಮೇಲೆ ಹೊರೆ ಹರಕೆ ಹೊತ್ತವನದು. ಕೂಡಲೇ ತೀರಿಸಲು ಸಾಧ್ಯವಾಗದಿದ್ದರೆ ನಾಣ್ಯವನ್ನು ಬಟ್ಟೆಯಲ್ಲಿ ಕಟ್ಟಿ ಮುಡಿಪಾಗಿ ದೇವರ ಕೋಣೆಯಲ್ಲಿ ಇರಿಸುತ್ತಾರೆ. ಯಾವ ದೇವರಿಗೆ, ಯಾವ ಕೋರಿಕೆಗೆ ಎಂಬುದರ ಗುರುತು ಆ ಗಂಟು. ಹೇಳಿಕೊಂಡವರು ತೀರಿಹೋದರೂ ಮುಡಿಪು ಉಳಿಯುತ್ತದೆ. ಮನೆಯ ಕಷ್ಟಗಳಿಗೆ ಕಾರಣ ಹುಡುಕುವ ಪ್ರಶ್ನೆಚಿಂತನೆಯಲ್ಲಿ ಹಿರಿಯರ ಬಾಕಿ ಹರಕೆ ಕಂಡುಬರುವುದು ತುಳುನಾಡಿನಲ್ಲಿ ಸಾಮಾನ್ಯ ಸಂಗತಿ. ಕೇಳಿದವನ ಆಯುಷ್ಯಕ್ಕಿಂತ ಕೇಳಿಕೆಯ ಆಯುಷ್ಯ ದೀರ್ಘವಾಗಿರುವ ವ್ಯವಸ್ಥೆ ಇದು.

ಕಟೀಲು ಮೇಳದ ಹರಕೆಯಾಟವು ಅಕ್ಷರಶಃ ಒಂದು ಸರತಿ. ಹಲವು ತಂಡಗಳು ತಿರುಗಾಟ ನಡೆಸಿದರೂ ಆಟ ಹೇಳಿಕೊಂಡವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಕಾಯುವಾಗ ಯಾರೂ ದೇವಸ್ಥಾನದ ಬಾಗಿಲಲ್ಲಿ ನಿಂತಿರುವುದಿಲ್ಲ. ಹೆಸರು ಬರೆಯಿಸಿ ಮನೆಗೆ ಹೋಗುತ್ತಾರೆ. ಬೇಸಾಯ, ಮದುವೆ, ಮಕ್ಕಳ ವಿದ್ಯಾಭ್ಯಾಸ ತಮ್ಮಷ್ಟಕ್ಕೆ ನಡೆಯುತ್ತವೆ. ಸರದಿ ಬಂದಾಗ ಕರೆ ಬರುತ್ತದೆ. ಕೇಳಿಕೆಯನ್ನು ಒಪ್ಪಿಸಿದವನು ಉತ್ತರ ಬರುವವರೆಗೆ ಕಟ್ಟುಬೀಳದೆ ಇರಬಲ್ಲನೆಂಬುದೇ ಸರತಿಯ ಮುಖ್ಯ ಗುಣ.

ಆದರೆ ಎಲ್ಲಕ್ಕೂ ಒಂದು ಕೊನೆಯ ದಿನ ಬೇಕು. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ, ಅಂದರೆ ಮೇ ತಿಂಗಳ ಕೊನೆಯ ವಾರ, ಅಂತಹ ಗಡಿ. ಅಂದಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮ ಕೋಲಗಳು ನಿಲ್ಲುತ್ತವೆ. ಆ ವರ್ಷ ನಡೆಯದೆ ಉಳಿದ ಆಟವನ್ನು ಮಳೆಗಾಲದಲ್ಲಿ ಬಯಲಲ್ಲಿ ನಡೆಸುವ ಹಟ ಯಾರಿಗೂ ಇಲ್ಲ. ಅದು ಮುಂದಿನ ತಿರುಗಾಟಕ್ಕೆ ಹೋಗುತ್ತದೆ. ವರ್ಷಕ್ಕೊಮ್ಮೆ ನಿಯತವಾಗಿ ನಡೆಯುವ ಉತ್ಸವಕ್ಕೆ ಇಲ್ಲಿನ ಜನ ‘ಕಾಲಾವಧಿ’ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಉತ್ಸವಕ್ಕೆ ಮುಂಚಿತವಾಗಿ ಗೊನೆ ಮುಹೂರ್ತ, ಅದಕ್ಕೂ ಮುಂಚಿತವಾಗಿ ಕಲಾವಿದರಿಗೆ ಹೇಳಿಕೆ, ಹೀಗೆ ದೊಡ್ಡ ಅವಧಿಯ ಒಳಗೆ ಚಿಕ್ಕ ಅವಧಿಗಳು ಅಡಕವಾಗಿರುತ್ತವೆ. ಒಳಗಿನ ವಾಯಿದೆ ಹೊರಗಿನದಕ್ಕಿಂತ ಮೊದಲೇ ಮುಗಿಯಬೇಕು. ಇಲ್ಲವಾದರೆ ಕೊಡಿ ಏರಿದ ದಿನ ಕಟ್ಟುವವರೇ ಇಲ್ಲದೆ ಹೋಗುತ್ತಾರೆ.

ಬಾರದವನ ಮೌನ

ಹರಕೆಯಲ್ಲಿ ಮೌನವು ಯಾರನ್ನೂ ಅಪರಾಧಿಯನ್ನಾಗಿಸುವುದಿಲ್ಲ. ವ್ಯಾಜ್ಯದಲ್ಲಿ ಹಾಗಲ್ಲ. ಕಾಸರಗೋಡು ಜಿಲ್ಲೆಯ ಕಾನತ್ತೂರಿನ ನಾಲ್ವರ್ ದೈವಸ್ಥಾನಕ್ಕೆ ಗಡಿಯ ಎರಡೂ ಕಡೆಗಳಿಂದ ಜನ ದೂರು ಒಯ್ಯುತ್ತಾರೆ. ದೂರು ಬಂದರೆ ಎದುರು ಪಕ್ಷದವರಿಗೆ ಇಂಥ ದಿನ ಹಾಜರಾಗಬೇಕೆಂದು ಪತ್ರ ಹೋಗುತ್ತದೆ. ಧರ್ಮಸ್ಥಳದಲ್ಲಿ ಹುಯಿಲು ಕೊಟ್ಟು ಹೆಗ್ಗಡೆಯವರ ಎದುರಿನಲ್ಲಿ ತೀರ್ಮಾನ ಪಡೆಯುವ ಸಂಪ್ರದಾಯವೂ ಇದೇ ಜಾತಿಯದು. ಬಾರದವನನ್ನು ಹಿಡಿದು ತರುವ ಪೊಲೀಸು ಬಲ ದೈವಸ್ಥಾನಕ್ಕಿಲ್ಲ. ಆದರೂ ಕರೆ ಹೋದ ಮೇಲೆ ಬಾರದಿರುವುದನ್ನು ನೆರೆಕರೆ ಸುಮ್ಮನೆ ಬಿಡುವುದಿಲ್ಲ. ‘ಸತ್ಯವಿದ್ದರೆ ಬರುತ್ತಿದ್ದ’ ಎಂಬ ಅನುಮಾನಕ್ಕೆ ದಾರಿಯಾಗುತ್ತದೆ. ಪತ್ರವೇ ಕೈಸೇರದೆ ಇದ್ದವನಿಗೂ ಈ ಅನುಮಾನ ತಗಲಬಹುದೆಂಬುದು ಇಲ್ಲಿರುವ ಅಪಾಯ.

ಮದುವೆಯ ಸಂಬಂಧ ನೋಡುವಲ್ಲಿಯೂ ಇದೇ ಕಷ್ಟ. ಹೆಣ್ಣು ನೋಡಿ ‘ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ’ ಎಂದು ಹೋದವರಿಂದ ಸುದ್ದಿಯಿಲ್ಲದಿದ್ದರೆ ಅದನ್ನು ನಿರಾಕರಣೆಯೆಂದು ಹೆಣ್ಣಿನ ಕಡೆಯವರು ತಿಳಿಯಬೇಕಾಗುತ್ತದೆ. ಎಷ್ಟು ದಿನಕ್ಕೆ ಹಾಗೆ ತಿಳಿಯಬೇಕೆಂಬುದಕ್ಕೆ ನಿಯಮವಿಲ್ಲ. ಬೇಗ ತಿಳಿದು ಬೇರೆ ಸಂಬಂಧಕ್ಕೆ ಮಾತು ಕೊಟ್ಟರೆ ಮೊದಲನೆಯವರು ಒಪ್ಪಿಗೆಯೊಂದಿಗೆ ಬರಬಹುದು. ತಡವಾಗಿ ತಿಳಿದರೆ ಬಂದ ಬೇರೆ ಸಂಬಂಧ ಕೈತಪ್ಪಬಹುದು. ವಾಯಿದೆ ಗೊತ್ತುಮಾಡದ ಕೇಳಿಕೆಯಲ್ಲಿ ಹೊರೆಯೆಲ್ಲವೂ ಕಾಯುವವರ ಮೇಲೆ, ಅದರಲ್ಲಿಯೂ ಮದುವೆಯಾಗಬೇಕಾದ ಹುಡುಗಿಯ ಮೇಲೆ ಬೀಳುತ್ತದೆ. ‘ಮೌನ ಸಮ್ಮತಿ ಲಕ್ಷಣ’ ಎಂಬ ನಾಣ್ನುಡಿ ಒಂದು ಕಡೆ, ‘ಸುದ್ದಿಯಿಲ್ಲದಿದ್ದರೆ ಇಲ್ಲವೆಂದೇ ಲೆಕ್ಕ’ ಎಂಬ ಅನುಭವ ಇನ್ನೊಂದು ಕಡೆ. ಒಂದೇ ಸಮಾಜದಲ್ಲಿ ಮೌನಕ್ಕೆ ಎರಡು ವಿರುದ್ಧ ಅರ್ಥಗಳಿವೆಯೆಂದಾದರೆ, ಅರ್ಥವು ಮೌನದಲ್ಲಿಲ್ಲ, ಮೊದಲೇ ಮಾಡಿಕೊಂಡ ಒಪ್ಪಂದದಲ್ಲಿದೆ ಎಂದಂತಾಯಿತು.

ಅಂಚೆಯ ಕಾಲ

1799ರಲ್ಲಿ ಕೆನರಾ ಪ್ರಾಂತ ಕಂಪನಿಯ ವಶವಾಯಿತು. ಪ್ರತಿಭಟಿಸಿದ ವಿಟ್ಲದ ಡೊಂಬ ಹೆಗ್ಗಡೆ ವಂಶದ ಅರಸ 1800ರಲ್ಲಿ ಮರಣದಂಡನೆಗೆ ಗುರಿಯಾದುದು ಈ ಸೀಮೆಯ ಚರಿತ್ರೆಯ ದಾರುಣ ಘಟನೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಅಂಚೆಯು 1889ರಲ್ಲಿ ಸಾಮ್ರಾಜ್ಯದ ಅಂಚೆಯಲ್ಲಿ ವಿಲೀನವಾಗುವವರೆಗೆ ಪ್ರತ್ಯೇಕವಾಗಿ ನಡೆದರೆ, ಕಂಪನಿಯ ಆಡಳಿತದಲ್ಲಿದ್ದ ಕರಾವಳಿಗೆ 1854ರ ಕಾಯಿದೆಯ ಏಕರೂಪದ ಅಂಚೆ ವ್ಯವಸ್ಥೆ ನೇರವಾಗಿ ಬಂತು. ಇದರೊಂದಿಗೆ ಸಂದೇಶವನ್ನು ಒಯ್ಯುವವನು ಬೇರೆ, ಗತಿಯನ್ನು ತಿಳಿಸುವವನು ಬೇರೆ ಎಂಬ ಸ್ಥಿತಿ ಉಂಟಾಯಿತು. ಪೆಟ್ಟಿಗೆಗೆ ಹಾಕಿದ ಕಾಗದದ ಮುಂದಿನ ಪಾಡನ್ನು ಹೇಳುವ ಓಲೆಕಾರ ಈಗ ಇಲ್ಲ.

ಅಂಚೆ ಇಲಾಖೆ ಈ ಕೊರತೆಯನ್ನು ಒಂದೊಂದಾಗಿ ತುಂಬಿಕೊಂಡ ಕ್ರಮ ಗಮನಾರ್ಹವಾದುದು. 1879ರಲ್ಲಿ ಕಾಲಾಣೆಯ ಕಾರ್ಡು ಬಂತು. ಅನಂತರ ಉತ್ತರಕ್ಕೆ ಬೇಕಾದ ಖಾಲಿ ಕಾರ್ಡು ಜೋಡಿಸಿದ ಜವಾಬು ಕಾರ್ಡು ಬಂತು. ಉತ್ತರದ ವೆಚ್ಚವನ್ನು ಕೇಳುವವನೇ ವಹಿಸಿ ಉತ್ತರದ ದಾರಿಯನ್ನು ಕೇಳಿಕೆಯೊಂದಿಗೇ ಕಳುಹಿಸುವ ಉಪಾಯವಿದು. ರಿಜಿಸ್ಟರ್ಡ್ ಅಂಚೆಗೆ ಸ್ವೀಕೃತಿ ಪತ್ರ ಸೇರಿತು. ಪಡೆಯುವವರೂ ಕಳುಹಿಸಿದವರೂ ಸಿಗದ ಕಾಗದಗಳಿಗೆ ‘ಡೆಡ್ ಲೆಟರ್ ಆಫೀಸ್’ ಎಂಬ ಪ್ರತ್ಯೇಕ ಕಚೇರಿ ಇತ್ತು. ಕಾಗದ ಕಾಣೆಯಾಯಿತೆನ್ನದೆ, ತಲಪಲಿಲ್ಲವೆಂಬುದನ್ನೂ ದಾಖಲಿಸುವ ವ್ಯವಸ್ಥೆ ಅದು. 2013ರ ಜುಲೈಯಲ್ಲಿ ತಂತಿ ಸೇವೆ ಕೊನೆಗೊಂಡಿತು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೂ ಪ್ರತ್ಯೇಕ ಸೇವೆಯಾಗಿ ಉಳಿಯದೆ ಸ್ಪೀಡ್ ಪೋಸ್ಟಿನಲ್ಲಿ ಸೇರಿತು.

ಈ ನೆಲದ ಬದುಕನ್ನು ಅತ್ಯಂತ ಆಳವಾಗಿ ತಟ್ಟಿದ್ದು 1880ರಲ್ಲಿ ಅಂಚೆ ಕಚೇರಿಗೆ ಬಂದ ಮನಿಯಾರ್ಡರು. ಮುಂಬಯಿಯ ಹೋಟೆಲು ಗಿರಣಿಗಳಲ್ಲಿ ದುಡಿದವರ ಹಣ ಊರಿನ ಮನೆಗೆ ಬರುತ್ತಿದ್ದುದು ಹೀಗೆ. ಮನೆಯವರು ಸಹಿ ಅಥವಾ ಹೆಬ್ಬೆಟ್ಟು ಒತ್ತಿದ ಚೀಟಿ ಮುಂಬಯಿಗೆ ಮರಳಿದರೆ ವ್ಯವಹಾರ ಮುಗಿಯಿತು. ಚೀಟಿ ಮರಳದಿದ್ದರೆ? ಹಣವೇ ಮುಟ್ಟದೆ ಇರಬಹುದು. ಹಣ ಮುಟ್ಟಿ ಚೀಟಿ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಎರಡೂ ಇನ್ನೂ ದಾರಿಯಲ್ಲಿಯೇ ಇರಬಹುದು. ಮುಂಬಯಿಯಲ್ಲಿ ಕುಳಿತವನಿಗೆ ಈ ಮೂರೂ ಒಂದೇ ತೆರನಾಗಿ ಕಾಣುತ್ತವೆ. ಮುಟ್ಟಲಿಲ್ಲವೆಂದು ಭಾವಿಸಿ ಮತ್ತೆ ಕಳುಹಿಸಿದರೆ ಎರಡು ಬಾರಿ ಸಲ್ಲುತ್ತದೆ. ಮುಟ್ಟಿತೆಂದು ಭಾವಿಸಿ ಸುಮ್ಮನಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಪರಿಹಾರ ರಸೀದಿಯ ಸಂಖ್ಯೆಯಲ್ಲಿತ್ತು. ಆ ಸಂಖ್ಯೆ ಹಿಡಿದು ಕಚೇರಿಯಲ್ಲಿ ವಿಚಾರಿಸಬೇಕು; ವಿಚಾರಿಸುವ ಮೊದಲು ಮತ್ತೆ ಕಳುಹಿಸಬಾರದು.

ಏಳು ವರ್ಷ

ಹಣದ ಬದಲು ಮನುಷ್ಯನ ಸುದ್ದಿಯೇ ನಿಂತುಹೋದರೆ ಎಷ್ಟು ಕಾಯಬೇಕು? ಧರ್ಮಶಾಸ್ತ್ರದ ಸಂಪ್ರದಾಯ ಹನ್ನೆರಡು ವರ್ಷ ಹೇಳುತ್ತದೆ. 1872ರ ಸಾಕ್ಷ್ಯ ಅಧಿನಿಯಮ ಏಳು ವರ್ಷವೆಂದಿತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಉಳಿಸಿಕೊಂಡಿದೆ. ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ತಿಳಿಯಬೇಕಾಗಿತ್ತೋ ಅವರಿಗೆ ಏಳು ವರ್ಷ ಸುದ್ದಿಯಿಲ್ಲದಿದ್ದರೆ, ಬದುಕಿದ್ದಾನೆಂದು ಸಾಧಿಸುವ ಹೊರೆ ಹಾಗೆ ಹೇಳುವವನ ಮೇಲೆ ಬೀಳುತ್ತದೆ. ಕಾನೂನು ಅವನು ಸತ್ತನೆಂದು ಕಂಡು ಹೇಳುತ್ತಿಲ್ಲ; ಕಾಯುವವರ ಬದುಕು ಮುಂದೆ ಸಾಗಲೆಂದು ಒಂದು ಊಹೆಗೆ ಎಡೆಕೊಡುತ್ತದೆ. ಬೊಜ್ಜ ಮುಗಿದ ಮೇಲೆ ಮರಳಿ ಬಂದವನ ಕಥೆಗಳು ಜನರ ಬಾಯಲ್ಲಿ ಉಳಿದಿರುವುದು ಈ ಊಹೆಯ ಮಿತಿಯನ್ನು ಅವರು ಬಲ್ಲವರಾಗಿದ್ದುದರಿಂದಲೇ. ವಾಯಿದೆ ಕಳೆದ ಮೇಲೆ ಬಂದ ಉತ್ತರಕ್ಕೂ ಒಂದು ಸ್ಥಾನ ಬೇಕಾಗುತ್ತದೆ.

ಯಂತ್ರದ ಸರತಿ

ಗಣಕಯಂತ್ರಗಳ ಸಂದೇಶ ಸರತಿಯು ಈ ಪರಂಪರೆಯ ಮುಂದಿನ ಘಟ್ಟ. ಐಬಿಎಂ ಸಂಸ್ಥೆ 1993ರಲ್ಲಿ ಹೊರತಂದ ಎಂಕ್ಯೂಸೀರೀಸ್, 1998ರಲ್ಲಿ ಬಂದ ಜಾವಾ ಮೆಸೇಜ್ ಸರ್ವಿಸ್ ನಿರ್ದಿಷ್ಟ ನಿಯಮಾವಳಿ, 2007ರ ರ‍್ಯಾಬಿಟ್‌ಎಂಕ್ಯೂ ಇವು ಇದರ ಮುಖ್ಯ ಮೈಲಿಗಲ್ಲುಗಳು. ಕೇಳುವ ಪ್ರೋಗ್ರಾಂ ತನ್ನ ಕೇಳಿಕೆಯನ್ನು ಸರತಿಯಲ್ಲಿ ಇರಿಸುತ್ತದೆ; ಉತ್ತರ ಯಾವ ಸರತಿಗೆ ಬರಬೇಕೆಂಬುದನ್ನು ಅದರಲ್ಲಿಯೇ ಬರೆದಿರುತ್ತದೆ. ಇದು ಜವಾಬು ಕಾರ್ಡಿನ ಕ್ರಮವೇ. ಉತ್ತರಿಸುವ ಪ್ರೋಗ್ರಾಂ ಕೇಳಿಕೆಯ ಗುರುತುಸಂಖ್ಯೆಯನ್ನು ತನ್ನ ಉತ್ತರದಲ್ಲಿ ನಮೂದಿಸುತ್ತದೆ. ಎಂಕ್ಯೂಸೀರೀಸಿನಲ್ಲಿ ಇದಕ್ಕೆ 24 ಬೈಟುಗಳ ಸ್ಥಳ ಮೀಸಲಾಗಿದೆ. ಮುಡಿಪಿನ ಗಂಟು, ಮನಿಯಾರ್ಡರಿನ ರಸೀದಿ ಮಾಡಿದ ಕೆಲಸವನ್ನು ಇಲ್ಲಿ ಈ ಸಂಖ್ಯೆ ಮಾಡುತ್ತದೆ. ತಲಪಲಾರದ ಸಂದೇಶಗಳನ್ನು ತೆಗೆದಿರಿಸುವ ಸರತಿಗೆ ‘ಡೆಡ್ ಲೆಟರ್ ಕ್ಯೂ’ ಎಂದೇ ಹೆಸರು. ಯಂತ್ರವು ಅಂಚೆಯ ಪದವನ್ನು ಹಾಗೆಯೇ ಎರವಲು ಪಡೆದಿರುವುದು ಚರಿತ್ರೆಯ ನಿರಂತರತೆಗೆ ಸಾಕ್ಷಿ.

ಕಾಯುವ ಅವಧಿಯ ವಿಷಯದಲ್ಲಿ ಜಾವಾ ನಿಯಮಾವಳಿ ಒಂದು ಪಾಠವನ್ನು ಕೊಡುತ್ತದೆ. ಅದರಲ್ಲಿ ಕೇಳಿಕೆ-ಮಾರುತ್ತರಕ್ಕೆಂದು ಒದಗಿಸಿದ ‘ಕ್ಯೂ ರಿಕ್ವೆಸ್ಟರ್’ ಎಂಬ ಸಿದ್ಧ ಸಾಧನಕ್ಕೆ ವಾಯಿದೆಯೇ ಇಲ್ಲ. ಉತ್ತರ ಬಾರದಿದ್ದರೆ ಅದು ಕೊನೆಯಿಲ್ಲದೆ ಕಾಯುತ್ತದೆ. ಆದುದರಿಂದ ಅನುಭವಿಗಳು ಕೇಳಿಕೆಯನ್ನು ತಾವೇ ಕಳುಹಿಸಿ, ಮಿಲಿಸೆಕೆಂಡುಗಳಲ್ಲಿ ಅವಧಿ ಗೊತ್ತುಪಡಿಸಿ ಉತ್ತರವನ್ನು ಪಡೆಯುತ್ತಾರೆ. ಅವಧಿ ಸೊನ್ನೆಯೆಂದು ಕೊಟ್ಟರೆ ತಕ್ಷಣ ಮರಳುವುದಿಲ್ಲ, ಎಂದೆಂದಿಗೂ ಕಾಯುತ್ತದೆ ಎಂಬುದು ಹೊಸಬರು ತಿಳಿದಿರಬೇಕಾದ ಸಂಗತಿ. ಅವಧಿ ಕಳೆದರೆ ಕೈಗೆ ಬರುವುದು ದೋಷದ ವರದಿಯಲ್ಲ, ಬರಿದು. ಆ ಬರಿದಿಗೆ ಅರ್ಥ ಕೊಡುವ ಕೆಲಸ ಬರೆಯುವವನದು.

ಮುಂಬಯಿಯ ಕೂಲಿಕಾರನಿಗಿದ್ದ ಮೂರು ಸಾಧ್ಯತೆಗಳೇ ಇಲ್ಲಿಯೂ ಇವೆ. ಆದುದರಿಂದ ಪರಿಹಾರಗಳೂ ಹಳೆಯವೇ. ಕಾಯುವುದನ್ನು ಬಿಟ್ಟ ಮೇಲೆ ಕೇಳಿಕೆಯು ಸರತಿಯಲ್ಲಿ ಉಳಿದು ಹೊತ್ತು ಮೀರಿ ಕಾರ್ಯಗತವಾಗದಂತೆ ಅದಕ್ಕೂ ಆಯುಷ್ಯ ಗೊತ್ತುಪಡಿಸಬೇಕು. ಇದು ಪತ್ತನಾಜೆಯ ನ್ಯಾಯ. ಸರಣಿಯಲ್ಲಿ ಒಳಗಿನ ಅವಧಿ ಹೊರಗಿನದಕ್ಕಿಂತ ಕಡಮೆಯಿರಬೇಕು. ಇದು ಗೊನೆ ಮುಹೂರ್ತದ ನ್ಯಾಯ. ಅದೇ ಗುರುತಿನ ಕೇಳಿಕೆ ಎರಡು ಬಾರಿ ಬಂದರೂ ಕೆಲಸ ಒಂದೇ ಬಾರಿ ನಡೆಯಬೇಕು. ತಡವಾಗಿ ಬಂದ ಉತ್ತರವನ್ನು ಬೇರೊಂದು ಕೇಳಿಕೆಯ ಉತ್ತರವೆಂದು ತಪ್ಪಾಗಿ ತಿಳಿಯದೆ, ಗುರುತು ನೋಡಿ ಪ್ರತ್ಯೇಕವಾಗಿ ಇತ್ಯರ್ಥಮಾಡಬೇಕು.

ಹೊರೆ ಯಾರದು?

ಇವೆಲ್ಲ ಕೌಶಲದ ಮಾತು. ನ್ಯಾಯದ ಮಾತು ಬೇರೆ ಇದೆ. 1897ರ ಸಾಮಾನ್ಯ ಖಂಡಗಳ ಅಧಿನಿಯಮದಂತೆ ಸರಿಯಾದ ವಿಳಾಸ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ ನೋಟೀಸು, ವಿರುದ್ಧವಾಗಿ ಸಾಧಿತವಾಗದಿದ್ದರೆ, ತಲಪಿದಂತೆಯೇ ಲೆಕ್ಕ. ಮೌನದ ಹೊರೆ ಪಡೆಯುವವನದು. 2005ರ ಮಾಹಿತಿ ಹಕ್ಕು ಅಧಿನಿಯಮದಲ್ಲಿ 30 ದಿನಗಳೊಳಗೆ ಉತ್ತರವಿಲ್ಲದಿದ್ದರೆ ಅದು ನಿರಾಕರಣೆಯೆಂದೇ ಭಾವನೆ; ಅರ್ಜಿದಾರನಿಗೆ ಮೇಲ್ಮನವಿಯ ಬಾಗಿಲು ತೆರೆಯುತ್ತದೆ. ಕರ್ನಾಟಕವು 2011ರ ಅಧಿನಿಯಮದ ಮೂಲಕ ರೂಪಿಸಿ 2012ರ ಏಪ್ರಿಲ್ 2ರಂದು ರಾಜ್ಯಾದ್ಯಂತ ಜಾರಿಗೊಳಿಸಿದ ‘ಸಕಾಲ’ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟವನಿಗೆ 15 ಅಂಕಿಗಳ ಸ್ವೀಕೃತಿ ಸಂಖ್ಯೆ ದೊರೆಯುತ್ತದೆ. ಪ್ರತಿ ಸೇವೆಗೂ ದಿನಗಳ ಮಿತಿ ಗೊತ್ತಾಗಿದೆ. ಮಿತಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಇಲ್ಲಿ ಮೌನವು ಉತ್ತರಿಸಬೇಕಾದವನ ತಪ್ಪು.

ಇದೇ ನೀತಿ ಹಣದ ವ್ಯವಹಾರಕ್ಕೂ ಬಂದಿದೆ. ಅಡಿಕೆ ಮಾರಿದ ಹಣವನ್ನು ಫೋನಿನಲ್ಲಿ ಕಳುಹಿಸುವ ಕೃಷಿಕನಿಗೆ ಒಮ್ಮೊಮ್ಮೆ ಖಾತೆಯಿಂದ ಹಣ ಹೋಗಿಯೂ ಎದುರಿನವರಿಗೆ ತಲಪದೆ ‘ಬಾಕಿ’ ಎಂಬ ಸೂಚನೆ ಕಾಣುತ್ತದೆ. ಯುಪಿಐ ವ್ಯವಸ್ಥೆಯಲ್ಲಿ ಪ್ರತಿ ಕೇಳಿಕೆಗೂ ಮೊದಲು ಮುಟ್ಟಿತೆಂಬ ಸ್ವೀಕೃತಿ, ಅನಂತರ ಫಲಿತಾಂಶದ ಉತ್ತರ ಪ್ರತ್ಯೇಕವಾಗಿ ಬರುತ್ತವೆ. ವೀಳ್ಯ ಬೇರೆ, ನೇಮ ಬೇರೆ. ಪಾವತಿಯ ಉತ್ತರಕ್ಕೆ ಇದ್ದ 30 ಸೆಕೆಂಡುಗಳ ಅವಧಿಯನ್ನು 2025ರ ಜೂನ್ 16ರಿಂದ 15 ಸೆಕೆಂಡಿಗೂ, ಸ್ಥಿತಿ ವಿಚಾರಣೆಯ ಅವಧಿಯನ್ನು 10 ಸೆಕೆಂಡಿಗೂ ಇಳಿಸಲಾಯಿತು. ಅದೇ ವರ್ಷದ ಆಗಸ್ಟಿನಿಂದ ಬಾಕಿಯಾದ ಪಾವತಿಯ ಸ್ಥಿತಿಯನ್ನು ಮೂರು ಬಾರಿ ಮಾತ್ರ, ಪ್ರತಿ ಬಾರಿಯೂ 90 ಸೆಕೆಂಡು ಬಿಟ್ಟು ವಿಚಾರಿಸಬಹುದೆಂದಾಯಿತು. ಎಲ್ಲರೂ ಬಿಡುವಿಲ್ಲದೆ ವಿಚಾರಿಸಿದರೆ ವಿಚಾರಣೆಯೇ ಸರತಿಯನ್ನು ಕಟ್ಟಿಹಾಕುತ್ತದೆ. ಇದಕ್ಕೂ ಮೊದಲು, 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ತಲಪದ ಯುಪಿಐ ವರ್ಗಾವಣೆಯನ್ನು ಮರುದಿನದೊಳಗೆ, ಎಟಿಎಂನಲ್ಲಿ ಕೈಗೆ ಬಾರದ ಹಣವನ್ನು ಐದು ದಿನಗಳೊಳಗೆ ಖಾತೆಗೆ ಮರಳಿಸಬೇಕೆಂದೂ, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದೂ ವಿಧಿಸಿತ್ತು.

ಸಮಾರೋಪ

ಓಲೆಯಿಂದ ಯುಪಿಐವರೆಗಿನ ಈ ವ್ಯವಸ್ಥೆಗಳಲ್ಲಿ ಸಾಧನ ಬದಲಾಗಿದೆ, ಅವಧಿ ವರ್ಷಗಳಿಂದ ಸೆಕೆಂಡಿಗೆ ಇಳಿದಿದೆ. ಬದಲಾಗದಿರುವುದು ಒಂದೇ ಸತ್ಯ: ವಾಯಿದೆ ಕಳೆಯಿತೆಂದರೆ ಉತ್ತರ ಬರಲಿಲ್ಲವೆಂದು ಅರ್ಥವೇ ಹೊರತು ಕೆಲಸ ನಡೆಯಲಿಲ್ಲವೆಂದಲ್ಲ. ಈ ಭೇದವನ್ನು ಮರೆತಲ್ಲಿ ಹಣ ಎರಡು ಬಾರಿ ಸಲ್ಲುತ್ತದೆ, ಪತ್ರ ಸಿಗದವನು ಸುಳ್ಳನೆನಿಸಿಕೊಳ್ಳುತ್ತಾನೆ, ಬದುಕಿರುವವನಿಗೆ ಬೊಜ್ಜ ನಡೆಯುತ್ತದೆ. ಭೇದವನ್ನು ಅರಿತ ಸಮಾಜ ಗುರುತನ್ನು ಕಟ್ಟಿಡುತ್ತದೆ, ಕೊನೆಯ ದಿನವನ್ನು ಮೊದಲೇ ಸಾರುತ್ತದೆ, ಮತ್ತೆ ಕಳುಹಿಸುವ ಮೊದಲು ವಿಚಾರಿಸುತ್ತದೆ.

ಜನಪದದ ಹಳೆಯ ಕ್ರಮಗಳಲ್ಲಿ ಮೌನದ ಹೊರೆ ಬಹುಮಟ್ಟಿಗೆ ದುರ್ಬಲರ ಮೇಲೆಯೇ ಬೀಳುತ್ತಿತ್ತೆಂಬುದನ್ನು ಮರೆಮಾಚುವಂತಿಲ್ಲ. ಸಂಬಂಧದ ಸುದ್ದಿಗೆ ಕಾಯುವ ಹುಡುಗಿ, ಮನಿಯಾರ್ಡರಿಗೆ ಕಾಯುವ ತಾಯಿ ಯಾರನ್ನೂ ಕೇಳುವಂತಿರಲಿಲ್ಲ. ಉತ್ತರಿಸಬೇಕಾದವನೇ ವಿಳಂಬದ ಬೆಲೆ ತೆರಬೇಕೆಂಬ ನಿಯಮ ಇತ್ತೀಚಿನದು. ವಾಯಿದೆಯೆಂದರೆ ಕೊಟ್ಟ ಮಾತು ಎಂಬ ಪದದ ಮೂಲಾರ್ಥಕ್ಕೆ ಈ ನಿಯಮವೇ ಹೆಚ್ಚು ಹತ್ತಿರವಾಗಿದೆ. ಸಂದೇಶ ವ್ಯವಸ್ಥೆಗಳನ್ನು ರೂಪಿಸುವವರು ಎಷ್ಟು ಸೆಕೆಂಡು ಕಾಯಬೇಕೆಂಬುದರೊಂದಿಗೆ, ಕಾದವರಿಗೆ ಯಾರು ಹೊಣೆಯೆಂಬುದನ್ನೂ ಗೊತ್ತುಪಡಿಸುವುದು ಅಗತ್ಯ. ಈ ನಿಟ್ಟಿನಲ್ಲಿ ಕಾಯುವಿಕೆಯ ಪದಗಳು, ಆಚರಣೆಗಳು, ಕಥೆಗಳ ವ್ಯವಸ್ಥಿತ ಸಂಗ್ರಹಕಾರ್ಯ ತುಳುನಾಡಿನ ಪ್ರತಿ ಸೀಮೆಯಲ್ಲಿಯೂ ನಡೆಯಬೇಕಾಗಿದೆ.